ಏರ್ ಗನ್ ಪೊರಕೆಯಲ್ಲ

ಪೀಣ್ಯದ ಸಣ್ಣ ವರ್ಕ್‌ಶಾಪುಗಳಲ್ಲಿ ಶಿಫ್ಟ್ ಬಿಡುವ ಹೊತ್ತಿಗೆ ಒಂದು ದೃಶ್ಯವನ್ನು ಈಗಲೂ ಕಾಣಬಹುದು. ಹುಡುಗರು ಕಂಪ್ರೆಸರಿನ ಗಾಳಿ ಚಿಮ್ಮುವ ಏರ್ ಗನ್ ಹಿಡಿದು ಅಂಗಿಗೂ ತಲೆಗೂದಲಿಗೂ ಅಂಟಿದ ಕಬ್ಬಿಣದ ಪುಡಿಯನ್ನು ಹಾರಿಸಿಕೊಳ್ಳುತ್ತಾರೆ; ಒಬ್ಬನ ಬೆನ್ನಿಗೆ ಇನ್ನೊಬ್ಬ ಗಾಳಿ ಹಿಡಿಯುತ್ತಾನೆ. ಈ ಕಸುಬಿಗೆ ಬಂದ ಹೊಸದರಲ್ಲಿ ನಾನೂ ಹಾಗೆಯೇ ಮಾಡಿದವನು. ಈ ಅಭ್ಯಾಸ ನಿಲ್ಲಲೇಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತಿದ್ದೇನೆ.

ಕಾರಿನ ಟಯರಿನಲ್ಲಿರುವ ಒತ್ತಡ ಸುಮಾರು 2 ಬಾರ್. ನಮ್ಮ ಕಂಪ್ರೆಸರುಗಳು ಸಾಮಾನ್ಯವಾಗಿ ಓಡುವುದು 7ರಿಂದ 8 ಬಾರ್‌ನಲ್ಲಿ. ಈ ಒತ್ತಡದ ಗಾಳಿ ಕೈಯ ಮೇಲಿನ ಸಣ್ಣ ಗಾಯದ ಮೂಲಕವೂ ಚರ್ಮದಡಿ ನುಗ್ಗಬಲ್ಲದು, ಕಿವಿಯ ತಮಟೆಯನ್ನು ಹರಿಯಬಲ್ಲದು, ರಕ್ತನಾಳ ಸೇರಿದರೆ ಜೀವವನ್ನೇ ತೆಗೆಯಬಲ್ಲದು. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಲ್ಲಿ ಯಂತ್ರದ ಭಾಗಗಳನ್ನು ಶುಚಿಗೊಳಿಸಲು ಸಹ 30 ಪಿಎಸ್‌ಐ, ಅಂದರೆ ಸುಮಾರು 2 ಬಾರ್‌ಗಿಂತ ಹೆಚ್ಚು ಒತ್ತಡದ ಗಾಳಿಗೆ ಅವಕಾಶವಿಲ್ಲ. ಅದಕ್ಕೂ ಚೂರು ಸಿಡಿಯದಂತೆ ತಡೆ ಇರಬೇಕು, ಕೆಲಸ ಮಾಡುವವನಿಗೆ ರಕ್ಷಣಾ ಸಾಮಗ್ರಿ ಇರಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನದೇ ಒಂದು ಬೈಕ್ ಸರ್ವಿಸ್ ಸೆಂಟರಿನಲ್ಲಿ ಗೆಳೆಯರ ನಡುವಿನ ತಮಾಷೆ ಮೀರಿ, ಗುದದ್ವಾರದಿಂದ ದೇಹದೊಳಗೆ ನುಗ್ಗಿದ ಗಾಳಿಗೆ ಒಬ್ಬ ಯುವಕ ಬಲಿಯಾದ. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನನ್ನದೇ ಶೆಡ್ಡಿನಲ್ಲಿ ಒಮ್ಮೆ, ಟ್ಯಾಪ್ ಹೊಡೆದ, ಅಂದರೆ ಒಳಗೆ ಬೋಲ್ಟಿನ ಥ್ರೆಡ್ ಕೊರೆದ ರಂಧ್ರವೊಂದರೊಳಗೆ ಹುಡುಗ ಬಗ್ಗಿ ನೋಡುತ್ತಲೇ ಗಾಳಿ ಬಿಟ್ಟ. ಅದು ಆರಪಾರ ಹೋಗದ ರಂಧ್ರ. ತಳಕ್ಕೆ ಬಡಿದ ಗಾಳಿ, ಕೊರೆಯುವಾಗ ತಂಪಿಗೆ ಸುರಿಯುವ ಕೂಲೆಂಟನ್ನೂ ಚೂರನ್ನೂ ಹೊತ್ತು ಮುಖಕ್ಕೇ ತಿರುಗಿ ಬಂತು. ಕಣ್ಣಗುಡ್ಡೆಗೆ ಚುಚ್ಚಿದ್ದು ಅಕ್ಕಿನುಚ್ಚಿಗಿಂತ ಚಿಕ್ಕ ಚೂರು. ಕಣ್ಣು ಉಳಿಯಿತು. ಆದರೆ ಸುರಕ್ಷತಾ ಕನ್ನಡಕ ಅವನಿಂದ ಎರಡೇ ಹೆಜ್ಜೆ ದೂರದಲ್ಲಿ ಮೊಳೆಗೆ ತೂಗುಹಾಕಿತ್ತು. ಹಾಕಿಕೋ ಎಂದು ನಾನು ಗದರಿಸಿರಲಿಲ್ಲ, ಆ ತಪ್ಪು ನನ್ನದೇ.

ಗಾಳಿಯಲ್ಲಿ ಓಡುವ ಉಳಿದ ಉಪಕರಣಗಳಿಗೂ ಇದೇ ಎಚ್ಚರ ಬೇಕು. ನಟ್ಟು ಬೋಲ್ಟು ಬಿಚ್ಚುವ, ಬಿಗಿಯುವ ಇಂಪ್ಯಾಕ್ಟ್ ಗನ್‌ಗೆ, ನಟ್ಟಿನ ತಲೆಯನ್ನು ಹಿಡಿಯಲು ಅದಕ್ಕೆಂದೇ ಬರುವ ಕಪ್ಪು ಸಾಕೆಟ್ಟನ್ನೇ ಹಾಕಬೇಕು. ಕೈಯಲ್ಲಿ ತಿರುಗಿಸುವ ಹೊಳಪಿನ ಕ್ರೋಮ್ ಸಾಕೆಟ್ ಆ ಹೊಡೆತಕ್ಕೆ ಸೀಳಿ ಸಿಡಿಯಬಹುದು. ಲೋಹ ಉಜ್ಜುವ ಗ್ರೈಂಡರಿನ ಕಲ್ಲಿನ ಮೇಲೆ ಬರೆದಿರುವ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ತಾಳಬಲ್ಲದೆಂಬ ಸಂಖ್ಯೆ, ಗ್ರೈಂಡರಿನ ವೇಗಕ್ಕಿಂತ ಕಡಿಮೆ ಇರಬಾರದು. ಗಾಳಿಯ ಒತ್ತಡ ಏರಿಸಿದರೆ ವೇಗವೂ ಏರುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಕಲ್ಲನ್ನೋ ಸಾಕೆಟ್ಟನ್ನೋ ಬದಲಿಸುವ ಮುನ್ನ ಗಾಳಿಯ ವಾಲ್ವ್ ಮುಚ್ಚಿ, ಟ್ರಿಗರ್ ಒತ್ತಿ ಪೈಪಿನಲ್ಲಿ ಉಳಿದ ಗಾಳಿಯನ್ನು ಹೊರಬಿಟ್ಟು, ಆಮೇಲಷ್ಟೇ ಪೈಪನ್ನು ಕಳಚಬೇಕು. ಕಂಪ್ರೆಸರಿನ ಟ್ಯಾಂಕಿನ ತಳದಲ್ಲಿ ನಿಲ್ಲುವ ನೀರನ್ನು ದಿನವೂ ಬಸಿಯಬೇಕು, ಇಲ್ಲವಾದರೆ ತುಕ್ಕು ಒಳಗಿಂದಲೇ ತಗಡನ್ನು ತಿನ್ನುತ್ತದೆ.

ಹುಡುಗರನ್ನಷ್ಟೇ ದೂರಿ ಪ್ರಯೋಜನವಿಲ್ಲ. ಬಟ್ಟೆಯ ಪುಡಿ ತೆಗೆಯಲು ಬೇರೆ ದಾರಿಯನ್ನು ನಾವು ಮಾಲೀಕರು ಕೊಡದಿದ್ದರೆ ಅವರ ಕೈ ಏರ್ ಗನ್ನಿಗೇ ಹೋಗುತ್ತದೆ. ಈಗ ನಮ್ಮಲ್ಲಿ ಬಾಗಿಲ ಬಳಿ ಎರಡು ಬ್ರಷ್ಷು, ಒಂದು ವ್ಯಾಕ್ಯೂಮ್ ಕ್ಲೀನರ್ ಇವೆ. ಏರ್ ಗನ್ನಿನ ಲೈನಿಗೆ ಒತ್ತಡ ಇಳಿಸುವ ಬೇರೆಯೇ ರೆಗ್ಯುಲೇಟರ್ ಹಾಕಿ, 2 ಬಾರ್‌ಗೆ ನಿಲ್ಲಿಸಿ ಬೀಗ ಹಾಕಿದ್ದೇವೆ. ಪುಡಿ ಸರಿಯಾಗಿ ಹೋಗುವುದಿಲ್ಲವೆಂದು ಮೊದಲ ವಾರ ಎಲ್ಲರೂ ಗೊಣಗಿದರು. ಬೀಗದ ಕೀಲಿಯನ್ನು ನಾನು ಕೊಡಲಿಲ್ಲ.