ಹೆಬ್ಬೆಟ್ಟಿನ ವೈದ್ಯ

ಹೆಬ್ಬೆಟ್ಟು ಎಂದರೆ ಒಂದು ಕಾಲಕ್ಕೆ ಓದುಬರಹ ಬಾರದವರ ಗುರುತು. ಈಗ ಓದೆಲ್ಲ ನಡೆಯುವುದು ಅದರಲ್ಲೇ. ರಾತ್ರಿ ಹನ್ನೊಂದಕ್ಕೆ ಹೊಟ್ಟೆಯಲ್ಲಿ ಚುಳ್ಳೆಂದರೆ ಹೆಬ್ಬೆಟ್ಟು ಫೋನಿನ ಮೇಲೆ ಓಡುತ್ತದೆ. ಹನ್ನೊಂದೂಕಾಲಿಗೆ ಅದು ಅಲ್ಸರ್, ಹನ್ನೊಂದೂವರೆಗೆ ಕ್ಯಾನ್ಸರ್. ಸಂಜೆ ತಿಂದ ಮಿರ್ಚಿ ಬಜ್ಜಿಯ ವಿಚಾರ ಫೋನೂ ಕೇಳುವುದಿಲ್ಲ, ಇವರೂ ಹೇಳುವುದಿಲ್ಲ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆಯಲ್ಲಿ ಇಬ್ಬರು ಬೇರೆ ಬೇರೆಯವರಾದರೂ ಆಗಿದ್ದರು.

ಫೋನಿಗೆ ಎದೆಯುರಿ ಎಂದರೆ ಎದೆಯುರಿಯ ಮದ್ದನ್ನೇ ತೋರಿಸುತ್ತದೆ. ಡಾಕ್ಟರು ಹಾಗಲ್ಲ: ‘ಉರಿಯೋ, ಹಿಂಡಿದ ಹಾಗೋ? ಮೆಟ್ಟಿಲು ಹತ್ತಿದರೆ ಜಾಸ್ತಿಯಾಗುತ್ತಾ? ದವಡೆಗೆ, ಎಡಗೈಗೆ ಇಳಿಯುತ್ತಾ?’ ಎಂದು ಕೇಳಿ, ಅನುಮಾನ ಬಂದರೆ ಇಸಿಜಿಗೆ ಬರೆಯುತ್ತಾರೆ. ಹೃದಯದ ನೋವನ್ನು ‘ಗ್ಯಾಸ್ಟ್ರಿಕ್’ ಎಂದು ನಂಬಿ ಬೆಳಗ್ಗೆ ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ನುಂಗುತ್ತ ದಿನ ದೂಡುವವರು ತಪ್ಪಿಸಿಕೊಳ್ಳುವುದು ಈ ಮೂರು ಪ್ರಶ್ನೆಗಳನ್ನೇ.

ತೀರಾ ಸಾಧು ಎನಿಸಿಕೊಂಡ ಪ್ಯಾರಾಸಿಟಮಾಲನ್ನೇ ನೋಡಿ. ಜ್ವರಕ್ಕೆಂದು 650 ಮಿಲಿಗ್ರಾಂ ಮಾತ್ರೆ ದಿನಕ್ಕೆ ನಾಲ್ಕು, ಅಲ್ಲಿಗೆ 2600. ಮೂಗು ಸೋರುತ್ತದೆಂದು ನೆಗಡಿಯ ಮಾತ್ರೆ ಮೂರು. ಅಂಥ ಎಷ್ಟೋ ಮಾತ್ರೆಗಳ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಪ್ಯಾರಾಸಿಟಮಾಲ್ 500’ ಎಂದಿರುತ್ತದೆ, ಅದು 1500. ಒಟ್ಟು 4100. ದೊಡ್ಡವರಿಗೆ ದಿನದ ಗರಿಷ್ಠ ಮಿತಿ 4000; ಕುಡಿಯುವವರಿಗೆ, ಊಟ ಬಿಟ್ಟವರಿಗೆ ಅದಕ್ಕಿಂತ ಕಡಿಮೆ. ಒಮ್ಮೆ ನೂರು ಮೀರಿದರೆ ಪ್ರಳಯವಾಗದು. ನಾಲ್ಕಾರು ದಿನ ಹೀಗೇ ನುಂಗುತ್ತ ಹೋದರೆ ಪೆಟ್ಟು ಲಿವರಿಗೆ. ಕಷ್ಟವೆಂದರೆ ಮೊದಲ ದಿನ ಒಂದಿಷ್ಟು ವಾಕರಿಕೆ ಬಿಟ್ಟರೆ ಏನೂ ಗೊತ್ತಾಗುವುದಿಲ್ಲ. ಅಮೆರಿಕದ ಮಗನ ಮನೆಗೆ ಹೋದ ಅಪ್ಪ ಅಮ್ಮನಿಗೆ ಇನ್ನೊಂದು ತೊಡಕು. ಅಲ್ಲಿ ಇದರ ಹೆಸರು ಅಸಿಟಮಿನೊಫೆನ್. ಬ್ಯಾಗಿನ ಡೋಲೊ, ಮಗನ ಮನೆಯ ಟೈಲೆನಾಲ್ ಎರಡೂ ಒಂದೇ ಎಂದು ಡಬ್ಬಿಯ ಹೆಸರು ನೋಡಿದರೆ ತಿಳಿಯುವುದೇ ಇಲ್ಲ.

ಡೆಂಗ್ಯೂ ಕಾಲದಲ್ಲಿ ಮೈಕೈ ನೋವೆಂದು ಐಬುಪ್ರೊಫೆನ್, ಡೈಕ್ಲೊಫಿನ್ಯಾಕ್ ನುಂಗುವುದು ಇನ್ನೂ ಕೆಟ್ಟದ್ದು, ರಕ್ತಸ್ರಾವಕ್ಕೆ ದಾರಿ.

ಲ್ಯಾಬ್ ರಿಪೋರ್ಟಿನದು ಬೇರೆಯೇ ಮಜಾ. ವಾಟ್ಸಾಪಿಗೆ ಬಂದ ಪಿಡಿಎಫ್‌ನಲ್ಲಿ ಒಂದು ಅಂಕಿ ದಪ್ಪಕ್ಷರದಲ್ಲಿದ್ದರೆ ಅಂದಿನ ನಿದ್ದೆ ಹೋಯಿತು. ನಾರ್ಮಲ್ ಎಂಬ ಗೆರೆಯನ್ನು ಸಾಮಾನ್ಯವಾಗಿ ಎಳೆಯುವುದೇ ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿ ಒಳಗೆ ಬರುವಂತೆ. ಉಳಿದ ಐವರೂ ಗಟ್ಟಿಮುಟ್ಟಾದವರೇ! ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಏನೂ ಇಲ್ಲದವರಿಗೂ ಒಂದಾದರೂ ದಪ್ಪಕ್ಷರ ಬೀಳುವ ಸಾಧ್ಯತೆ ನೂರಕ್ಕೆ 64. ಇನ್ನು ಕೂದಲು ಉದುರುತ್ತದೆಂದು ಬಯೋಟಿನ್ ಎಂಬ ವಿಟಮಿನ್ ನುಂಗುವವರ ಥೈರಾಯಿಡ್ ರಿಪೋರ್ಟು ಕೆಲವು ಯಂತ್ರಗಳಲ್ಲಿ ತಲೆಕೆಳಗಾಗುತ್ತದೆ. ಆ ಪರೀಕ್ಷೆಯೊಳಗೇ ಬಯೋಟಿನ್ ಬಳಸುತ್ತಾರೆ. ರಕ್ತದಲ್ಲಿರುವುದು ಅದಕ್ಕೆ ಅಡ್ಡ ಬಂದು, ಥೈರಾಯಿಡನ್ನು ಕೆಲಸಕ್ಕೆ ಹಚ್ಚುವ ಟಿಎಸ್‌ಎಚ್ ಎಂಬ ಹಾರ್ಮೋನು ಸುಳ್ಳೇ ಕಡಿಮೆ ತೋರುತ್ತದೆ. ಇಲ್ಲದ ಕಾಯಿಲೆಗೆ ಫೋನು ಆಗ ಪಥ್ಯವನ್ನೂ ಹೇಳಿಬಿಡುತ್ತದೆ.

ಕೊನೆಗೆ ಮೆಡಿಕಲ್ ಶಾಪಿನ ಕತ್ತರಿ. ‘ನಾಲ್ಕು ಸಾಕು’ ಎಂದರೆ ಸ್ಟ್ರಿಪ್ ತುಂಡಾಗುತ್ತದೆ. ಎಕ್ಸ್‌ಪೈರಿ ತಾರೀಖಿನ ತುದಿ ಎಷ್ಟೋ ಸಲ ಅಂಗಡಿಯಲ್ಲೇ ಉಳಿಯುತ್ತದೆ, ಮನೆಗೆ ಬರುವುದು ಅರ್ಧ ಹೆಸರಿನ ಬೆಳ್ಳಿ ಹಾಳೆ. ಆಮೇಲೆ ಡಾಕ್ಟರು ‘ಏನು ತಗೊಂಡಿದ್ರಿ?’ ಎಂದರೆ ಉತ್ತರ, ‘ಬಿಳೀದು ಸಾರ್, ಉದ್ದಕ್ಕಿತ್ತು.’ ಫೋನು ಹೇಗೂ ಕೈಯಲ್ಲೇ ಇರುತ್ತದಲ್ಲ, ಕತ್ತರಿ ಬೀಳುವ ಮೊದಲು ಸ್ಟ್ರಿಪ್ಪಿನ ಹಿಂಬದಿಯದೊಂದು ಫೋಟೊ ತೆಗೆದಿಟ್ಟುಕೊಳ್ಳಬಹುದು.