ಜೂನ್ ಒಂದರ ಜಾತಕ

ಮಂಡ್ಯದಲ್ಲಿ ನಮ್ಮ ಪಕ್ಕದ ಮನೆಯ ಗೌಡರ ಮೊಮ್ಮಗ ಹುಟ್ಟಿದ್ದು 2019ರ ಜೂನ್ 2ರ ಬೆಳಗಿನ ಜಾವ. ನಕ್ಷತ್ರ, ರಾಶಿ ಎಲ್ಲವೂ ಸೊಗಸಾಗಿವೆ ಎಂದು ಜೋಯಿಸರು ಬರೆದುಕೊಟ್ಟರು. ಪಾಪ, ಶಿಕ್ಷಣ ಇಲಾಖೆಯ ಪಂಚಾಂಗ ಅವರ ಬಳಿ ಇರಲಿಲ್ಲ.

ಜೂನ್ 1ಕ್ಕೆ ಆರು ವರ್ಷ ತುಂಬಿದ್ದರೆ ಮಾತ್ರ ಒಂದನೇ ತರಗತಿ ಎಂದು 2022ರಲ್ಲಿ ಆದೇಶ ಹೊರಟಿತು. ಅದೇ ವರ್ಷ ಅದನ್ನು 2025-26ಕ್ಕೆ ಮುಂದೂಡಿದರು. ಲೆಕ್ಕ ಹಾಕಿದರೆ ನಮ್ಮ ಹುಡುಗನಿಗೆ ಒಂದು ದಿನ ಕಡಿಮೆ. ಒಂದು ದಿನದ ಬಾಕಿಗೆ ಒಂದು ವರ್ಷ ಬಡ್ಡಿ! ಮೀಟರ್ ಬಡ್ಡಿಯವರೂ ಇಷ್ಟು ಕೇಳುವುದಿಲ್ಲ.

ಗೌಡರು ಆದೇಶಕ್ಕೆ ಹೆದರುವ ಜನ. ಮೊಮ್ಮಗನನ್ನು ಒಂದು ವರ್ಷ ತಡೆದೇ ಎಲ್‌ಕೆಜಿಗೆ ಸೇರಿಸಿದರು. 2025ರ ಏಪ್ರಿಲ್‌ನಲ್ಲಿ ಸರ್ಕಾರಕ್ಕೆ ಕರುಣೆ ಉಕ್ಕಿತು: ಈ ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಾದರೆ ಸಾಕು, ಆದರೆ ಯುಕೆಜಿ ಮುಗಿಸಿರಬೇಕು. ವಯಸ್ಸು ಸಾಲದೆಂದು ಹಿಂದೆ ಉಳಿದವನಿಗೆ ಈಗ ವಯಸ್ಸು ಧಾರಾಳ, ಯುಕೆಜಿ ಸಾಲದು. ಆದೇಶ ಮೀರಿದವರ ಮಕ್ಕಳು ಕುಣಿಯುತ್ತಾ ಒಂದನೇ ತರಗತಿಗೆ ನಡೆದರು.

ಗೌಡರ ಕಾಲದಲ್ಲಿ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ದಾಖಲಾತಿ ಆಯಿತು. ಮುಟ್ಟಿದವನಿಗೆ ಮೇಷ್ಟ್ರೇ ಹುಟ್ಟಿದ ದಿನವನ್ನೂ ದಯಪಾಲಿಸುತ್ತಿದ್ದರು. ದಾಖಲೆಯಲ್ಲಿ ಗೌಡರದೂ ಜೂನ್ 1, ಅವರ ಇಬ್ಬರು ತಮ್ಮಂದಿರದೂ ಜೂನ್ 1. ಆ ತಾಯಿ ಶಾಲೆ ಬಾಗಿಲು ತೆರೆಯುವ ದಿನ ನೋಡಿಕೊಂಡೇ ಹೆರುತ್ತಿದ್ದರು ಎನ್ನಬೇಕು.

ಇನ್ನೊಂದು ತಮಾಷೆ ಕೇಳಿ. ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲೇ 1995ರಲ್ಲಿ ನಲಿ-ಕಲಿ ಹುಟ್ಟಿದ್ದು. ಬೇರೆ ಬೇರೆ ತರಗತಿಯ ಚಿಣ್ಣರು ಒಂದೇ ಕೋಣೆಯಲ್ಲಿ ಕುಳಿತು, ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿಕೆಯ ಏಣಿ ಹತ್ತುವ ಪದ್ಧತಿ ಅದು. ಒಳಗೆ ಯಾರು ಯಾವ ಮೆಟ್ಟಿಲಲ್ಲಿದ್ದರೂ ಅಡ್ಡಿಯಿಲ್ಲ. ಹೊಸ್ತಿಲ ಮೇಲೆ ಮಾತ್ರ ಇಲಾಖೆ ಕ್ಯಾಲೆಂಡರ್ ಹಿಡಿದು ನಿಂತಿದೆ.

ಮೊನ್ನೆ ಜಗುಲಿಯಲ್ಲಿ ಗೌಡರು ಮೊಮ್ಮಗನಿಗೆ ಹಳೆಯ ಪರೀಕ್ಷೆ ಕೊಟ್ಟರು. ಹುಡುಗ ಕಿವಿ ಮುಟ್ಟಿದ್ದಷ್ಟೇ ಅಲ್ಲ, ಹಾಲೆ ಹಿಡಿದು ಜಗ್ಗಿಯೂ ತೋರಿಸಿದ.

"ತಾತ, ನಾನು ಪಾಸಾ?"

"ಕೈ ಇಳಿಸಬೇಡ ಮಗು," ಎಂದರು ಗೌಡರು, "ಇನ್ನೊಂದು ಆದೇಶ ಬರಬಹುದು."