ತಿಂಗಳಿಗೆ 48 ಕಿಲೋ ತರಕಾರಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಮೇ ತಿಂಗಳಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ, ಒಬ್ಬ ಮನುಷ್ಯನ ದಿನದ ತಟ್ಟೆಯಲ್ಲಿ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 100 ಗ್ರಾಂ ಹಣ್ಣು ಮತ್ತು 400 ಗ್ರಾಂ ತರಕಾರಿ ಇರಬೇಕು. ಓದುವವರಿಗೆ ಇದರಲ್ಲಿ ಗಾಬರಿಪಡುವಂಥದ್ದೇನೂ ಕಾಣುವುದಿಲ್ಲ. ಆದರೆ ನನ್ನ ಹೆಂಡತಿ ಗಣಿತದ ಮೇಷ್ಟರ ಮಗಳು. ಆಕೆ 400 ಗ್ರಾಮನ್ನು ಮನೆಯ ನಾಲ್ಕು ಜನರಿಂದಲೂ, ಬಂದದ್ದನ್ನು ಮೂವತ್ತು ದಿನಗಳಿಂದಲೂ ಗುಣಿಸಿ, ತಿಂಗಳಿಗೆ 48 ಕಿಲೋ ತರಕಾರಿ ಬೇಕೆಂದು ಪ್ರಕಟಿಸಿದಳು. ನಮ್ಮ ಮನೆಗೆ ತಿಂಗಳಿಗೆ ಬರುವ ಅಕ್ಕಿಯೇ ಒಂದು ಮೂಟೆ, 25 ಕಿಲೋ. ದಿನಸಿಗೆಂದು ತೆಗೆದಿಡುವ ಹಣ ಮಾತ್ರ ಯಾವ ಮಾರ್ಗಸೂಚಿಗೂ ಜಗ್ಗದೆ ಇದ್ದಷ್ಟೇ ಇತ್ತು.

ಹೀಗಾಗಿ ತರಕಾರಿಯನ್ನು ರುಚಿಯಿಂದಲ್ಲ, ತೂಕದಿಂದ ಆರಿಸುವ ಕಾಲ ನಮಗೆ ಬಂದಿತು. ರೂಪಾಯಿಗೆ ಹೆಚ್ಚು ತೂಗುವ ತರಕಾರಿಗಳೆಂದರೆ ಸೀಮೆಬದನೆ, ಸೋರೆ, ಮೂಲಂಗಿ ಮತ್ತು ಬೂದುಗುಂಬಳ. ಬೀನ್ಸನ್ನು ನಾವು ಗಾಡಿಯ ಮೇಲೆ ನೋಡಿ, ಕ್ಷೇಮಸಮಾಚಾರ ವಿಚಾರಿಸಿ, ಮುಂದೆ ಹೋಗುತ್ತಿದ್ದೆವು. ಸೀಮೆಬದನೆಯು ಹುಳಿಯಲ್ಲಿ, ಪಲ್ಯದಲ್ಲಿ, ಮಜ್ಜಿಗೆಹುಳಿಯಲ್ಲಿ ಬಂದು, ಕೊನೆಗೆ ಅದರ ಸಿಪ್ಪೆ ಚಟ್ನಿಯಾಗಿಯೂ ಬಂದಾಗ, ನನ್ನ ಮಗಳು ತಟ್ಟೆಯನ್ನು ದಿಟ್ಟಿಸಿ, “ಅಪ್ಪ, ಇವತ್ತು ಪಾಯಸದಲ್ಲೂ ಇದೆಯಾ?” ಎಂದು ಕೇಳಿದಳು. ಪಾಯಸದಲ್ಲಿದ್ದದ್ದು ಸೋರೆಕಾಯಿ.

ಸೊಪ್ಪಿನ ಜವಾಬ್ದಾರಿ ನನ್ನದು. ಸಂಜೆ ಏಳರ ಮೇಲೆ ಸೊಪ್ಪು ಬಾಡತೊಡಗುವುದರಿಂದ ಬೆಲೆಯೂ ಬಾಡುತ್ತದೆಂಬ ಅರ್ಥಶಾಸ್ತ್ರವನ್ನು ನಂಬಿ, ಕಚೇರಿಯಿಂದ ಬರುವಾಗ ಮಾರುಕಟ್ಟೆಯ ಮೂಲೆಯಲ್ಲಿ ಕೂರುವ ಅಜ್ಜಿಯ ಮುಂದೆ ನಿಂತು, ಎರಡು ಕಟ್ಟು ದಂಟಿನ ಸೊಪ್ಪು ಕೇಳಿದೆ. ಅಜ್ಜಿ ಕತ್ತೆತ್ತದೆ, “ನಲವತ್ ರೂಪಾಯ್ ಕೊಟ್ಟು ಎಲ್ಲಾ ತಗೊಂಡ್ ಹೋಗಪ್ಪ, ನಾನು ಬಸ್ ಹತ್ತಬೇಕು” ಎಂದು ದಂಟು, ಮೆಂತ್ಯ, ಸಬ್ಬಸಿಗೆ, ಚಕ್ಕೋತ, ಹೊನಗನ್ನೆಗಳನ್ನೆಲ್ಲ ನನ್ನ ಚೀಲಕ್ಕೂ, ಚೀಲ ತುಂಬಿದ ಮೇಲೆ ಸ್ಕೂಟರಿನ ಮುಂಭಾಗಕ್ಕೂ ತುರುಕಿಬಿಟ್ಟಳು. ಅಗ್ಗದ ಸೊಪ್ಪಿನ ನಿಜವಾದ ಬೆಲೆ ಮನೆಗೆ ಬಂದ ಮೇಲೆ ತಿಳಿಯುತ್ತದೆ. ಬಾಡಿದ ಸೊಪ್ಪು ಬೆಳಗಿನವರೆಗೆ ಕಾಯುವುದಿಲ್ಲವಾದ್ದರಿಂದ, ನಡುಮನೆಯಲ್ಲಿ ಹಳೆಯ ಪತ್ರಿಕೆ ಹಾಸಿ, ನಾಲ್ವರೂ ಸುತ್ತ ಕುಳಿತು, ಹನ್ನೊಂದು ಗಂಟೆಯವರೆಗೆ ಎಲೆ ಬಿಡಿಸಿದೆವು. ಕಡಿಮೆ ಖರ್ಚಿನಲ್ಲಿ ಆರೋಗ್ಯಕರ ಊಟ ಮಾಡಬಹುದೆಂದು ಬರೆಯುವವರು ಸುಳ್ಳು ಹೇಳುವುದಿಲ್ಲ. ಉಳಿದ ಹಣಕ್ಕೆ ಸಮನಾದ ಕೆಲಸವನ್ನು ಯಾರು ಮಾಡಬೇಕೆಂಬುದನ್ನು ಮಾತ್ರ ಬರೆಯುವುದಿಲ್ಲ, ಬಹುಶಃ ಅವರ ಮನೆಯಲ್ಲಿ ಅದನ್ನು ಬೇರೆ ಯಾರೋ ಮಾಡುತ್ತಿರುತ್ತಾರೆ. ಮರುದಿನ ಆ ಗುಡ್ಡದಷ್ಟು ಸೊಪ್ಪು ಬೆಂದು ಒಂದು ಬೋಗುಣಿಯ ತಳಕ್ಕೆ ಇಳಿಯಿತು.

ಸಿರಿಧಾನ್ಯದ ವಿಷಯವನ್ನು ಬೇಗ ಮುಗಿಸಬಹುದು. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತ್ತು. ಬಡವರ ಊಟವೆನಿಸಿದ್ದ ನವಣೆಯು ಈಗ ಅಂಗಡಿಯಲ್ಲಿ ಸೋನಾ ಮಸೂರಿಗಿಂತ ಮೇಲಿನ ಬೆಲೆಯಲ್ಲಿ, ಮೇಲಿನ ಸಾಲಿನಲ್ಲೇ ಕುಳಿತಿದೆ. ಮಗಳಿಗೆಂದು ಕೈಗೆತ್ತಿಕೊಂಡ ರಾಗಿ ಬಿಸ್ಕತ್ತಿನ ಪೊಟ್ಟಣದ ಹಿಂಬದಿಯಲ್ಲಿ, ಹೆಚ್ಚು ತೂಕದ್ದನ್ನು ಮೊದಲು ಬರೆಯಬೇಕೆಂಬ ನಿಯಮದಂತೆ, ಮೈದಾಹಿಟ್ಟಿನ ಹೆಸರೇ ಮೊದಲಿತ್ತು. ಅದನ್ನು ಅಲ್ಲೇ ಇಟ್ಟು, ಬಿಡಿ ರಾಗಿ ತಂದು ಗಿರಣಿಗೆ ಹಾಕಿಸಿದೆವು.

ಇನ್ನು ಬೇಳೆಕಾಳು. ನೂರು ಗ್ರಾಮಿಗೆ ಸುಮಾರು 22 ಗ್ರಾಂ ಪ್ರೋಟೀನ್ ಕೊಡುವ ಹುರುಳಿಯು ತೊಗರಿಬೇಳೆಗಿಂತ ಅಗ್ಗವೆಂಬುದು ಅಮ್ಮನಿಗೆ ಮೊದಲಿನಿಂದಲೂ ಗೊತ್ತು. ಆದರೆ ಮೈಸೂರಿನ ಡಿಸೆಂಬರ್ ಚಳಿಯಲ್ಲಿ ಹುರುಳಿ ಮೊಳೆಯಲು ಮನಸ್ಸು ಮಾಡುವುದಿಲ್ಲ. ಬೆಚ್ಚಗಿರಲೆಂದು ಅಮ್ಮ ನೆನೆಸಿದ ಕಾಳಿನ ಒದ್ದೆ ಗಂಟನ್ನು ಮಡಿಸಿಟ್ಟ ಕಂಬಳಿಯ ನಡುವೆ ಇಟ್ಟಿದ್ದರು. ಆ ರಾತ್ರಿಯೇ ಊರಿನಿಂದ ಬಂದಿಳಿದ ಚಿಕ್ಕಪ್ಪನಿಗೆ, ಇದಾವುದನ್ನೂ ತಿಳಿಯದ ನಾನು ಅದೇ ಕಂಬಳಿಯನ್ನು ಮಡಿಕೆ ಬಿಚ್ಚದೆ ತಲೆಯ ಕೆಳಗೆ ಇಟ್ಟುಕೊಳ್ಳಲು ಕೊಟ್ಟೆ. ನಡುರಾತ್ರಿ ದೀಪ ಹತ್ತಿತು. ಒದ್ದೆ ಕಿವಿಯನ್ನು ಹಿಡಿದುಕೊಂಡು ಎದ್ದು ಕುಳಿತಿದ್ದ ಚಿಕ್ಕಪ್ಪ, “ಅತ್ತಿಗೆ, ಇದರೊಳಗೆ ಏನೋ ಇದೆ” ಎಂದು ಕೂಗಿದರು. ಒಳಗಿನಿಂದ ಓಡಿಬಂದ ಅಮ್ಮ, “ಅಯ್ಯೋ, ಒತ್ತಬೇಡಿ, ಮೊಳಕೆ ಮುರಿದುಹೋಗುತ್ತೆ” ಎಂದರು.

ಮರುದಿನ ಆ ಹುರುಳಿಯ ಸಾರಿಗೆ ರಾಗಿಮುದ್ದೆಯಾಯಿತು. ಹೆಂಡತಿಯು ಒಂದು ಊಟದ ಖರ್ಚನ್ನು ಲೆಕ್ಕಹಾಕಿ, ಇಷ್ಟು ಅಗ್ಗದಲ್ಲಿ ಇಷ್ಟು ಪೌಷ್ಟಿಕಾಂಶ ಬೇರೆಲ್ಲೂ ಸಿಗದೆಂದು ಸಂಭ್ರಮದಲ್ಲಿರುವಾಗಲೇ, ಅಮ್ಮ ತುಪ್ಪದ ಡಬ್ಬಿ ತೆರೆದು, ರಾತ್ರಿ ನಿದ್ದೆಗೆಟ್ಟವರೆಂಬ ಕನಿಕರದಿಂದ ಚಿಕ್ಕಪ್ಪನ ಮುದ್ದೆಯ ಮೇಲೆ ಎರಡು ಸೌಟು ಸುರಿದರು; ಪಂಕ್ತಿಯಲ್ಲಿ ಭೇದ ಮಾಡಬಾರದೆಂದು ನಮಗೂ ಸುರಿದರು. ತುಪ್ಪ ಕಿಲೋಗೆ 600 ರೂಪಾಯಿ ದಾಟಿದೆ. ಹೆಂಡತಿ ಒಂದು ಕ್ಷಣ ಡಬ್ಬಿಯನ್ನೂ ಅತ್ತೆಯನ್ನೂ ನೋಡಿದಳು. ಆಮೇಲೆ ಮನೆಖರ್ಚಿನ ಪುಸ್ತಕ ತೆಗೆದು, ದಿನಸಿಯ ಪಟ್ಟಿಯಿಂದ ತುಪ್ಪವನ್ನು ಹೊಡೆದುಹಾಕಿ, ಔಷಧಿಯ ಖಾತೆಯಲ್ಲಿ ಬರೆದುಕೊಂಡಳು.